ಮಗಳಿಗೊಂದು ಪತ್ರ: ನಿಮ್ಮ ಮನೆ ಹತ್ತಿರ ಒಂದು ಕೆರೆ ಇದೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಊರಿಗೆ ಬಂದರೂ ನಮ್ಮ ನಿದ್ದೆ ಇನ್ನೂ ಸಿಡ್ನಿ ಟೈಮಿನಲ್ಲೇ ಇದೆ. ರಾತ್ರಿ ಎರಡು ಗಂಟೆಗೆಲ್ಲ ಎಚ್ಚರವಾಗಿಬಿಡುತ್ತದೆ. ನಿಮ್ಮಮ್ಮ ಆ ಹೊತ್ತಿಗೇ ಎದ್ದು ಡಿಕಾಕ್ಷನ್ ಹಾಕುತ್ತಾಳೆ. ಕುಡಿದು ಇಬ್ಬರೂ ಸುಮ್ನೆ ಕೂತಿರುತ್ತೇವೆ. ಹಾಗೆ ಕೂತಿದ್ದಾಗಲೇ ಈ ಕಾಗದ ಬರೆಯೋಣ ಅನ್ನಿಸಿತು. ವಾಟ್ಸಾಪಿನಲ್ಲಿ ಹಾಕಿದರೆ ನೀನು ಒಂದು ಹೆಬ್ಬೆರಳು ಒತ್ತಿ ಮುಗಿಸಿಬಿಡುತ್ತೀಯ. ಇದನ್ನು ಓದಲೇಬೇಕು.

ಬಂದಾಗಿನಿಂದ ಎಲ್ಲರೂ ಕೇಳುವುದು ಒಂದೇ. ಆಪೆರಾ ಹೌಸ್ ನೋಡಿದ್ರಾ, ತ್ರೀ ಸಿಸ್ಟರ್ಸ್ ಬಂಡೆಗಳನ್ನ ನೋಡಿದ್ರಾ, ಕಾಂಗರೂ ಮುಟ್ಟಿದ್ರಾ? ಹೌದಪ್ಪ, ಮಗಳು ಅಳಿಯ ರಜೆ ಹಾಕಿ ಎಲ್ಲ ತೋರಿಸಿದರು ಅಂತ ಫೋಟೋ ಮುಂದಿಡುತ್ತೇನೆ. ಅದರಲ್ಲೇನೂ ಸುಳ್ಳಿಲ್ಲ. ಆದರೆ ನನಗೆ ತುಂಬಾ ಹಿಡಿಸಿದ್ದು ನೀನು ತೋರಿಸದ ಜಾಗ. ನೀನೇ ಇನ್ನೂ ನೋಡಿರದ ಜಾಗ. ಅವತ್ತು ರಾತ್ರಿ ನೀನು ಎಲ್ಲಿಗೆ ಹೋಗಿದ್ರಿ ಅಂತ ಕೇಳಿದಾಗ, ಇಲ್ಲೇ ಹತ್ತಿರ ಒಂದು ಕೆರೆಗೆ ಅಂದೆ. ಓ ನೈಸ್ ಅಂದು ಲ್ಯಾಪ್‌ಟಾಪ್ ತೆಗೆದೆ. ನಿನಗೆ ಮೀಟಿಂಗ್ ಇತ್ತು. ನಾನೂ ಮುಂದಕ್ಕೆ ಹೇಳಲಿಲ್ಲ.

ನನ್ನ ಅಭ್ಯಾಸ ನಿನಗೆ ಗೊತ್ತೇ ಇದೆ. ಯಾವ ಊರಿಗೆ ಹೋದರೂ ಮೊದಲು ಕೇಳುವುದು, ಇಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತೆ ಅಂತ. ಮದುವೆ ಮನೆಗೆ ಹೋದರೂ ಅಷ್ಟೇ. ಜಲಮಂಡಳಿಯಲ್ಲಿ ಅಷ್ಟು ವರ್ಷ ಪೈಪು, ವಾಲ್ವು, ಪಂಪು ಅಂತ ತಿರುಗಿದವನಿಗೆ ಊರು ಅಂದರೆ ಮೊದಲು ಅದರ ನೀರಿನ ದಾರಿ. ದೇವಸ್ಥಾನ, ಅರಮನೆ, ಮಾರುಕಟ್ಟೆ ಎಲ್ಲ ಆಮೇಲೆ. ನೀರಿನ ದಾರಿ ಗೊತ್ತಾಗುವವರೆಗೆ ನನಗೆ ಆ ಊರಿನಲ್ಲಿ ಕಾಲು ಊರಿದ ಹಾಗೇ ಅನ್ನಿಸುವುದಿಲ್ಲ.

ನಿಮ್ಮ ಮನೆಗೆ ಬಂದಾಗಲೂ ಕೇಳಿದೆ. ನೀನು ಬಿಲ್ಲು ತೋರಿಸಿ, ಸಿಡ್ನಿ ವಾಟರ್‌ನವರು ಕೊಡ್ತಾರೆ ಅಪ್ಪಾ ಅಂದೆ. ಅದು ಬಿಲ್ಲು ಕಳಿಸುವವರ ಹೆಸರು ಕಣೇ! ನೀರು ಎಲ್ಲಿಂದ ಹೊರಟಿತು ಅಂತ ನಾನು ಕೇಳಿದ್ದು. ಆಮೇಲೆ ನಾನೇ ಕೂತು ಓದಿ ತಿಳಿದುಕೊಂಡೆ. ಸಿಡ್ನಿಗೆ ಸುಮಾರು ಶೇ 80ರಷ್ಟು ನೀರು ಬರುವುದು ವಾರಗಾಂಬ ಅಣೆಕಟ್ಟಿನಿಂದ. 1960ರಲ್ಲಿ ಮುಗಿದದ್ದು, 142 ಮೀಟರ್ ಎತ್ತರ. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ 70 ಟಿಎಂಸಿಗೂ ಜಾಸ್ತಿ ನೀರು ಹಿಡಿಯುತ್ತದೆ. ಕನ್ನಂಬಾಡಿ ಹಿಡಿಯುವುದು 49 ಚಿಲ್ಲರೆ. ವಾರಗಾಂಬದಿಂದ ದೊಡ್ಡ ಪೈಪಿನಲ್ಲಿ ಪ್ರಾಸ್ಪೆಕ್ಟ್‌ಗೆ ಬಂದು, ಅಲ್ಲಿ ಶುದ್ಧವಾಗಿ, ನಿಮ್ಮ ಕಡೆಯ ನಲ್ಲಿಗಳಿಗೆ ಬರುತ್ತದೆ. ಪ್ರಾಸ್ಪೆಕ್ಟ್ ನಿಮ್ಮ ಮನೆಯಿಂದ ನಾಲ್ಕು ಹೆಜ್ಜೆ. ನೀನು ದಿನಾ ಆ ಕಡೆಯ ಹೈವೇಯಲ್ಲೇ ಕಾರು ಓಡಿಸುತ್ತೀಯ.

ಹೀಗೆ ಓದುತ್ತಿದ್ದಾಗಲೇ ಕಣ್ಣಿಗೆ ಬಿದ್ದದ್ದು ಲೇಕ್ ಪ್ಯಾರಮಟ್ಟಾ. ಪ್ಯಾರಮಟ್ಟಾ ಪೇಟೆಯ ಉತ್ತರಕ್ಕೆ ಎರಡೇ ಕಿಲೋಮೀಟರ್. ಸುತ್ತ ಕಾಡು, ನಡುವೆ ಒಂದು ಕೆರೆ, ಕೆರೆಗೆ ಅಡ್ಡಲಾಗಿ 1856ರಲ್ಲಿ ಕಟ್ಟಿದ ಕಲ್ಲಿನ ಅಣೆಕಟ್ಟು. ಆಸ್ಟ್ರೇಲಿಯಾದ ಮೊದಲ ದೊಡ್ಡ ಅಣೆಕಟ್ಟು ಅಂತ ಅದನ್ನೇ ಎಣಿಸುತ್ತಾರೆ. ಇಷ್ಟು ಓದಿದ ಮೇಲೆ ನಾನು ಮನೆಯಲ್ಲಿ ಕೂರುವವನಲ್ಲ. ನೀವು ಆಫೀಸಿಗೆ ಹೋದ ಮೇಲೆ ನಿಮ್ಮಮ್ಮನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು, ಅಲ್ಲಿ ಹಾವು ಇರುತ್ತಾ ಅಂತ. ಕಾಡು ಅಂದಮೇಲೆ ಇರುತ್ತೆ, ಆದರೆ ನಾವು ದಾರಿ ಬಿಟ್ಟು ಇಳಿಯುವುದಿಲ್ಲ ಅಂದೆ. ಗೊಣಗುತ್ತಲೇ ಚಿತ್ರಾನ್ನ ಕಲಸಿದಳು. ಮೊಸರನ್ನ ಬೇರೆ ಡಬ್ಬಿಗೆ. ಉಪ್ಪಿನಕಾಯಿ, ಎರಡು ಬಾಟಲಿ ನೀರು, ನೀನು ಕೊಡಿಸಿದ ಟೋಪಿಗಳು. ಸನ್‌ಸ್ಕ್ರೀನ್ ಹಚ್ಚಿಕೊಂಡು ಇಬ್ಬರೂ ಬೂದಿ ಬಳಿದುಕೊಂಡ ಜಂಗಮರಾದೆವು.

ವೆಂಟ್‌ವರ್ತ್‌ವಿಲ್‌ನಲ್ಲಿ ರೈಲು ಹತ್ತಿ, ವೆಸ್ಟ್‌ಮೀಡ್ ದಾಟಿದರೆ ಪ್ಯಾರಮಟ್ಟಾ. ಅಲ್ಲಿಂದ ಬಸ್ಸು. ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರಲ್ಲ, ನಿಮ್ಮಮ್ಮನಿಗೆ ಅದು ತುಂಬಾ ಇಷ್ಟ. ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದಳು. ಆಮೇಲೆ ಮನೆಗಳ ಸಾಲಿನ ನಡುವೆ ಸ್ವಲ್ಪ ದೂರ ನಡಿಗೆ. ಬೀದಿಯುದ್ದಕ್ಕೂ ಜಕರಂದಾ ನೇರಳೆ ಹೂ ಬಿಟ್ಟಿತ್ತು. ಅಲ್ಲಿ ಅದು ನವೆಂಬರಿನ ಹೂವು. ನಮ್ಮ ಬೆಂಗಳೂರಿನಲ್ಲಿ ಚಳಿ ಮುಗಿಯುತ್ತಾ ಬಂದಾಗ ಬಿಡುತ್ತದೆ. ಎರಡೂ ಊರಿಗೂ ಅದು ಹೊರಗಿನ ಮರವೇ, ದಕ್ಷಿಣ ಅಮೆರಿಕದ್ದು.

ಲ್ಯಾಕಿ ಸ್ಟ್ರೀಟಿನ ಕೊನೆಯಲ್ಲಿ ಮನೆಗಳು ಮುಗಿಯುತ್ತವೆ. ಒಂದು ಇಳಿಜಾರು. ಕೆಳಗೆ ನೀರು.

ನಾನು ಒಂದು ನಿಮಿಷ ನಿಂತುಬಿಟ್ಟೆ. 50 ಲಕ್ಷಕ್ಕೂ ಜಾಸ್ತಿ ಜನ ಇರುವ ಊರಿನ ಹೊಟ್ಟೆಯೊಳಗೆ ಹೀಗೊಂದು ಜಾಗ ಇರುತ್ತೆ ಅಂದರೆ ನಂಬುವುದು ಕಷ್ಟ. ಎಲ್ಲಿ ನೋಡಿದರೂ ಮರ, ಮರದ ಬುಡದಲ್ಲಿ ಮರಳುಗಲ್ಲಿನ ಬಂಡೆ, ಬಂಡೆಯ ಬುಡದಲ್ಲಿ ನೀರು. ಒಂದು ಕಟ್ಟಡವೂ ಇಣುಕುವುದಿಲ್ಲ. ವಾರದ ನಡುವಿನ ದಿನವಾದ್ದರಿಂದ ಜನ ಕಡಿಮೆ. ಒಂದು ಸಣ್ಣ ಕೆಫೆ, ಹುಲ್ಲುಹಾಸು, ಮೇಜು ಬೆಂಚುಗಳು. ಈಜುವುದಕ್ಕೆ ಒಂದು ಕಡೆ ಗುರುತು ಹಾಕಿದ್ದಾರೆ. ಇಬ್ಬರು ವಯಸ್ಸಾದ ಹೆಂಗಸರು ನಿಧಾನವಾಗಿ ಈಜುತ್ತಾ ಮಾತಾಡುತ್ತಿದ್ದರು. ನಮ್ಮೂರಲ್ಲಿ ಬೆಳಗ್ಗೆ ವಾಕಿಂಗ್ ಮಾಡುತ್ತಾ ಸೊಸೆಯರ ವಿಷಯ ಮಾತಾಡುತ್ತಾರಲ್ಲ, ಅದೇ ಧಾಟಿ. ವಿಷಯವೂ ಅದೇ ಇರಬಹುದು, ನನಗೆ ಕೇಳಿಸಲಿಲ್ಲ.

ನಾನು ಸೀದಾ ಅಣೆಕಟ್ಟಿನ ಕಡೆ ಹೋದೆ. ಈಗ ಸ್ವಲ್ಪ ಕೊರೆಯುತ್ತೇನೆ, ತಡೆದುಕೋ.

ನಮ್ಮ ಕನ್ನಂಬಾಡಿಯಂಥ ಕಟ್ಟೆ ನಿಲ್ಲುವುದು ಅದರ ಭಾರದಿಂದ. ನೀರು ತಳ್ಳುತ್ತದೆ, ಸುರ್ಕಿ ಗಾರೆ ಹಾಕಿ ಕಟ್ಟಿದ ಕಲ್ಲಿನ ಭಾರ ಅದನ್ನು ತಡೆಯುತ್ತದೆ. ಅದಕ್ಕೇ ಬುಡ ಅಷ್ಟು ಅಗಲ. ಪ್ಯಾರಮಟ್ಟಾದ ಗೋಡೆ ಹಾಗಲ್ಲ. ನೋಡಿದರೆ ಇಷ್ಟು ಸಣಕಲು ಗೋಡೆ ಹೇಗೆ ನಿಂತಿದೆ ಅನ್ನಿಸುತ್ತದೆ. ಅದು ನೀರಿನ ಕಡೆಗೆ ಬಾಗಿದ ಕಮಾನು. ನೀರು ಎಷ್ಟು ತಳ್ಳಿದರೂ ಆ ಒತ್ತಡ ಕಮಾನಿನ ಎರಡು ತುದಿಗೆ ಹೋಗಿ, ಎರಡು ಕಡೆಯ ಬಂಡೆಗೆ ಒರಗುತ್ತದೆ. ನೀನು ಚಿಕ್ಕವಳಿದ್ದಾಗ ಬಾಗಿಲ ಚೌಕಟ್ಟಿನ ಎರಡೂ ಕಡೆಗೆ ಕೈಕಾಲು ಒತ್ತಿಕೊಂಡು ಮೇಲಕ್ಕೆ ಹತ್ತಿ ನಿಲ್ಲುತ್ತಿದ್ದೆಯಲ್ಲ, ನಿಮ್ಮಮ್ಮ ಬೈದು ಇಳಿಸುತ್ತಿದ್ದಳಲ್ಲ, ಅದೇ ಲೆಕ್ಕ. ಚೌಕಟ್ಟು ಗಟ್ಟಿಯಿದ್ದರೆ ಹತ್ತುವವಳು ತೆಳ್ಳಗಿದ್ದರೂ ಬೀಳುವುದಿಲ್ಲ.

ಇವತ್ತು ಇಂಥ ಕಟ್ಟೆ ಕಟ್ಟುವುದಕ್ಕೆ ಕಂಪ್ಯೂಟರ್ ಲೆಕ್ಕ ಇದೆ. 1856ರಲ್ಲಿ ಏನಿತ್ತು? ಜಗತ್ತಿನಲ್ಲೇ ಈ ಥರದ ಕಮಾನು ಕಟ್ಟೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅದರಲ್ಲಿ ಒಂದು ನಮ್ಮ ಪಕ್ಕದಲ್ಲೇ ಇದೆ, ಹೈದರಾಬಾದಿನ ಮೀರ್ ಆಲಂ ಕೆರೆ. 21 ಕಮಾನುಗಳನ್ನು ಸಾಲಾಗಿ ಜೋಡಿಸಿ 1806ರ ಹೊತ್ತಿಗೇ ಕಟ್ಟಿದ್ದರು. ಕೇರಳದ ಇಡುಕ್ಕಿಯೂ ಕಮಾನು ಕಟ್ಟೆಯೇ, ಆದರೆ ಅದು 1970ರ ದಶಕದ್ದು, ಎರಡು ಬೆಟ್ಟದ ನಡುವೆ ನಿಲ್ಲಿಸಿದ ರಾಕ್ಷಸ. ಪ್ಯಾರಮಟ್ಟಾದ್ದು ಅದರ ಮುಂದೆ ಕೂಸು. ಮೊದಲು ಕಟ್ಟಿದಾಗ 12.5 ಮೀಟರ್ ಎತ್ತರ. ಊರು ಬೆಳೆದು ನೀರು ಸಾಲದೆ ಬಂದಾಗ, 1898ರಲ್ಲಿ ಕಾಂಕ್ರೀಟು ಹಾಕಿ ಇನ್ನೊಂದು 3.35 ಮೀಟರ್ ಏರಿಸಿದರು. ಕಲ್ಲು ಎಲ್ಲಿ ಮುಗಿದು ಕಾಂಕ್ರೀಟು ಎಲ್ಲಿ ಶುರುವಾಯಿತು ಅಂತ ನಾನು ಹುಡುಕುತ್ತಾ ನಿಂತಿದ್ದೆ. ನಿಮ್ಮಮ್ಮ ಬಂಡೆಯ ಮೇಲೆ ಕೂತು ನಿಟ್ಟುಸಿರು ಬಿಡುತ್ತಿದ್ದಳು.

ಕಟ್ಟಿದವರಲ್ಲಿ ಪರ್ಸಿ ಸಿಂಪ್ಸನ್, ಎಡ್ವರ್ಡ್ ಮೊರಿಯಾರ್ಟಿ, ವಿಲಿಯಂ ರ‍್ಯಾಂಡಲ್ ಅನ್ನುವ ಮೂವರ ಹೆಸರು ಹೇಳುತ್ತಾರೆ. ಸಿಂಪ್ಸನ್ ಸೈನ್ಯದಲ್ಲಿದ್ದವನು. ಈ ಕಟ್ಟೆಗೂ ಮುಂಚೆ ಸಿಡ್ನಿಯಿಂದ ಉತ್ತರಕ್ಕೆ ಹೋಗುವ ದೊಡ್ಡ ರಸ್ತೆಯನ್ನು ಕೈದಿಗಳ ಕೈಲಿ ಮಾಡಿಸಿದ್ದ. ಇಂಗ್ಲೆಂಡಿನಿಂದ ಹಡಗಿನಲ್ಲಿ ತಂದ ಕೈದಿಗಳು, ನಿನಗೆ ಗೊತ್ತಲ್ಲ. ಅವರೆಲ್ಲ ಬರುವ ಮುಂಚೆ ಎಷ್ಟೋ ಸಾವಿರ ವರ್ಷ ಈ ಹಳ್ಳದ ದಂಡೆ ಬರ‍್ರಮಟ್ಟಗಲ್ ಜನರದ್ದು, ದಾರಗ್ ನಾಡಿನ ಮೂಲ ನಿವಾಸಿಗಳದ್ದು. ಬಂಡೆಗಳ ಕೆಳಗೆ ಮಳೆಗೆ ನಿಲ್ಲುವಂಥ ಪೊಟರೆಗಳಿವೆ. ಅಲ್ಲಿ ಎಷ್ಟು ತಲೆಮಾರು ಒಲೆ ಹೂಡಿತ್ತೋ. ಅಣೆಕಟ್ಟಿಗೆ ತಾರೀಖು ಇದೆ, ಕಟ್ಟಿದವರ ಹೆಸರಿದೆ. ಆ ಒಲೆಗಳಿಗೆ ಇಲ್ಲ.

ಹಳ್ಳದ ಹೆಸರು ಹಂಟ್ಸ್ ಕ್ರೀಕ್. ಅದು ಡಾರ್ಲಿಂಗ್ ಮಿಲ್ಸ್ ಕ್ರೀಕ್ ಸೇರುತ್ತದೆ, ಅದು ಟೂಂಗಾಬಿ ಕ್ರೀಕ್ ಜೊತೆ ಕೂಡಿ ಪ್ಯಾರಮಟ್ಟಾ ನದಿಯಾಗುತ್ತದೆ, ನದಿ ಹೋಗಿ ಸಿಡ್ನಿ ಬಂದರಿಗೆ ಬೀಳುತ್ತದೆ. ಅಂದರೆ ಹಿಂದಿನ ಭಾನುವಾರ ನೀನು ನಮ್ಮನ್ನು ಆಪೆರಾ ಹೌಸಿನ ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆದೆಯಲ್ಲ, ಹಿಂದೆ ಕಾಣುವ ನೀರಿನಲ್ಲಿ ಈ ಹಳ್ಳದ ಪಾಲೂ ಇದೆ. ಇದನ್ನು ನಿಮ್ಮಮ್ಮನಿಗೆ ಹೇಳಿದೆ. ಅವಳು ಈಗ ಊಟ ಮಾಡೋಣ್ವಾ ಅಂದಳು.

ಊಟಕ್ಕೆ ಮುಂಚೆ ಕೆರೆ ಸುತ್ತೋಣ ಅಂತ ಒಪ್ಪಿಸಿದೆ. ಪೂರ್ತಿ ಸುತ್ತು ನಾಲ್ಕು ಕಿಲೋಮೀಟರ್ ಚಿಲ್ಲರೆ. ಏರು ತಗ್ಗು ಇದೆ, ಕೆಲವು ಕಡೆ ಬಂಡೆಯ ಮೇಲೆ ಕಾಲಿಟ್ಟು ಹತ್ತಬೇಕು. ನಿಮ್ಮಮ್ಮನ ಮಂಡಿಗೆ ಅದು ಆಗುವುದಲ್ಲ ಅಂತ ಸ್ವಲ್ಪ ದೂರ ಹೋಗಿ ವಾಪಸ್ ಬಂದೆವು. ಅಷ್ಟರಲ್ಲೇ ನೋಡುವುದು ಬೇಕಾದಷ್ಟಿತ್ತು.

ಮರಗಳ ವಿಷಯ ಹೇಳಲೇಬೇಕು. ಅಲ್ಲಿ ಎಲ್ಲಿ ನೋಡಿದರೂ ನೀಲಗಿರಿ ಮತ್ತು ಅದರ ದಾಯಾದಿಗಳು. ಅದರಲ್ಲಿ ಒಂದು ಮರ, ಸಿಡ್ನಿ ರೆಡ್ ಗಮ್ ಅಂತಾರೆ, ಬೇಸಿಗೆ ಶುರುವಾಗುವಾಗ ಹಳೆಯ ತೊಗಟೆಯನ್ನೆಲ್ಲ ಉದುರಿಸಿ ಕಿತ್ತಳೆ ಗುಲಾಬಿ ಬಣ್ಣದ ಮೈ ತೋರಿಸುತ್ತದೆ. ಬುಡದಲ್ಲಿ ತೊಗಟೆಯ ರಾಶಿ. ಮುಟ್ಟಿದರೆ ತಣ್ಣಗೆ, ನುಣುಪಾಗಿತ್ತು. ಕೊಂಬೆಗಳು ಅಂಕುಡೊಂಕು, ಎರಡು ಮರ ಒಂದೇ ಥರ ಇಲ್ಲ. ನಾನು ಹುಟ್ಟಿದಾಗಿನಿಂದ ನೋಡಿದ ನೀಲಗಿರಿ ಅಂದರೆ ಸಾಲಾಗಿ ನೆಟ್ಟ ಕಡ್ಡಿಗಳು. ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ತೋಪಿನ ಮೇಲೆ ತೋಪು. ಕೆಳಗೆ ಹುಲ್ಲೂ ಇಲ್ಲ, ಹಕ್ಕಿಯೂ ಇಲ್ಲ. ಇಲ್ಲಿ ಅದೇ ಕುಲದ ಮರದ ಕೆಳಗೆ ಜರೀಗಿಡ, ಬ್ಯಾಂಕ್ಸಿಯಾ, ಹೆಸರು ಗೊತ್ತಿಲ್ಲದ ನೂರು ಪೊದೆ, ತಲೆ ಮೇಲೆ ಗದ್ದಲ ಮಾಡುವ ಗಿಳಿಗಳು. ಮರವನ್ನು ನಾವು ಬೈಯುತ್ತಿದ್ದೆವು. ಅದು ತನ್ನ ಮನೆಯಲ್ಲಿ ಎಷ್ಟು ಚೆನ್ನಾಗಿದೆ ನೋಡು.

ನಮ್ಮ ದೇಶಕ್ಕೆ ನೀಲಗಿರಿ ಮೊದಲು ಬಂದದ್ದು ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದ ತೋಟಕ್ಕೆ ಅಂತ ಹೇಳುತ್ತಾರೆ. ಒಂದು ತೋಟದ ಕುತೂಹಲಕ್ಕೆ ಬಂದ ಮರ ಆಮೇಲೆ ಅರ್ಕಾವತಿಯ ಜಲಾನಯನವನ್ನೇ ತುಂಬಿಕೊಂಡಿತು. ಅರ್ಕಾವತಿ ಹುಟ್ಟುವುದೂ ನಂದಿಬೆಟ್ಟದಲ್ಲೇ ಅಲ್ವಾ. ನದಿ ಬತ್ತುವುದಕ್ಕೆ ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ನಾವು ತೋಡಿದ ಬೋರ್‌ವೆಲ್‌ಗಳ ಪಾಲು ದೊಡ್ಡದೇ. ಆದರೂ 2017ರಲ್ಲಿ ಸರ್ಕಾರ ಇನ್ನು ಹೊಸದಾಗಿ ನೀಲಗಿರಿ ನೆಡಬೇಡಿ ಅಂದಾಗ ನಮ್ಮ ಆಫೀಸಿನ ಹಳಬರೆಲ್ಲ, ಈಗ ಬುದ್ಧಿ ಬಂತಾ ಅಂತ ನಕ್ಕಿದ್ದೆವು. ಕಾಫಿ ತೋಟದ ಸಿಲ್ವರ್ ಓಕ್, ಸೆಂಟ್ರಿಂಗ್‌ಗೆ ನಿಲ್ಲಿಸುವ ಸರ್ವೆ ಮರ, ಇವೂ ಆ ಕಡೆಯವೇ. ಸರ್ವೆಯ ಬಳಗದ ಮರಗಳು ಕೆರೆಯ ದಂಡೆಯಲ್ಲೇ ಇದ್ದವು. ಗಾಳಿ ಬಂದಾಗ ಅದೇ ಸುಯ್ಯನ್ನುವ ಸದ್ದು. ಕಣ್ಣು ಮುಚ್ಚಿದರೆ ಕಾರವಾರದ ಕಡಲ ದಂಡೆ.

ಅಷ್ಟರಲ್ಲಿ ನಿಮ್ಮಮ್ಮ ಕಿರುಚಿದಳು. ಹಾವಲ್ಲ. ದಾರಿಯಲ್ಲಿ ಒಂದು ಓತಿಕ್ಯಾತ, ಬಾಲ ಸೇರಿ ಮೂರಡಿ ಹತ್ತಿರ! ವಾಟರ್ ಡ್ರ್ಯಾಗನ್ ಅದು. ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿತ್ತು. ನಮ್ಮನ್ನು ನೋಡಿ ಒಂದು ಸಲ ತಲೆ ಎತ್ತಿತು, ಇವರಿಂದ ಏನೂ ಆಗುವುದಿಲ್ಲ ಅಂತ ತೀರ್ಮಾನಿಸಿದ ಹಾಗೆ ಮತ್ತೆ ಇಳಿಸಿತು. ಇನ್ನೂ ಹತ್ತಿರ ಹೋದಾಗ ದೊಪ್ಪನೆ ನೀರಿಗೆ ಬಿದ್ದು ಮಾಯ.

ಇನ್ನೊಂದು ಪ್ರಾಣಿಯ ವಿಷಯ ನಿಮ್ಮಮ್ಮ ಇನ್ನೂ ಬಿಟ್ಟಿಲ್ಲ, ಇಲ್ಲಿ ಬಂದವರಿಗೆಲ್ಲ ಹೇಳುತ್ತಾಳೆ. ಬ್ರಶ್ ಟರ್ಕಿ, ಕೋಳಿಯಂಥ ದೊಡ್ಡ ಹಕ್ಕಿ. ಕಪ್ಪು ಮೈ, ಕೆಂಪು ಬೋಳು ತಲೆ, ಕುತ್ತಿಗೆಗೆ ಹಳದಿ ಚೀಲ. ಕಾಲಿನಿಂದ ಒಣಗಿದ ಎಲೆ ಕೆದರಿ ಕೆದರಿ ಹಿಂದಕ್ಕೆ ಎಸೆಯುತ್ತಿತ್ತು. ಹಿಂದೆ ಒಂದು ದೊಡ್ಡ ಗುಡ್ಡೆ. ಅದು ಗಂಡು. ಹೆಣ್ಣುಗಳು ಬಂದು ಆ ಗುಡ್ಡೆಯಲ್ಲಿ ಮೊಟ್ಟೆ ಇಟ್ಟು ಹೋಗುತ್ತವೆ, ಅಷ್ಟೇ ಅವುಗಳ ಕೆಲಸ. ಕಾವು ಕೂರುವವರೇ ಇಲ್ಲ. ಎಲೆ ಕೊಳೆಯುವಾಗ ಬರುವ ಬಿಸಿಯೇ ಕಾವು. ಗಂಡು ಕೊಕ್ಕನ್ನು ಗುಡ್ಡೆಯೊಳಗೆ ತೂರಿಸಿ ಬಿಸಿ ನೋಡುತ್ತದೆ. ಜಾಸ್ತಿಯಾದರೆ ಎಲೆ ತೆಗೆಯುತ್ತದೆ, ಕಡಿಮೆಯಾದರೆ ಇನ್ನಷ್ಟು ಹಾಕುತ್ತದೆ. ಪಂಪ್‌ಹೌಸ್ ಆಪರೇಟರ್ ಕೆಲಸವೇ! ಮರಿ ಒಡೆದ ಮೇಲೆ ತಾನೇ ತೋಡಿಕೊಂಡು ಮೇಲೆ ಬಂದು, ಅಪ್ಪ ಅಮ್ಮ ಯಾರ ಮುಖವನ್ನೂ ನೋಡದೆ ಕಾಡಿಗೆ ಹೊರಟುಬಿಡುತ್ತದೆ. ಅವತ್ತಿನಿಂದಲೇ ತನ್ನ ಊಟ ತಾನೇ ಹುಡುಕಿಕೊಳ್ಳಬೇಕು.

ಇದನ್ನು ಕೇಳಿ ನಿಮ್ಮಮ್ಮ, ಇದ್ಯಾವ ಸೀಮೆ ತಂದೆ ತಾಯಿ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಮರಿಗೆ ಏನೂ ತೊಂದರೆ ಆಗಲ್ವಂತಾ ಅಂದಳು. ಬಹಳಷ್ಟು ಮರಿ ಬದುಕುವುದಿಲ್ಲ ಅಂತ ನನಗೆ ಗೊತ್ತಿತ್ತು. ಏನೂ ಆಗಲ್ವಂತೆ ಅಂದೆ.

ಕೊನೆಗೂ ಊಟ. ಮೇಜಿನ ಮೇಲೆ ಡಬ್ಬಿ ತೆಗೆದದ್ದೇ ತಡ, ಬಿಳಿ ಕಾಕಟೂ ಒಂದು ಬಂದು ಎದುರಿನ ಬೆಂಚಿನ ಮೇಲೆ ಕೂತು ತಲೆ ಓರೆ ಮಾಡಿತು. ಹಕ್ಕಿಗಳಿಗೆ ತಿನ್ನಿಸಬೇಡಿ ಅಂತ ನೀನು ಹೇಳಿದ್ದೆ. ನಾವು ತಿನ್ನಿಸಲಿಲ್ಲ. ಆದರೆ ಚಿತ್ರಾನ್ನದ ಕಡಲೆಬೀಜವನ್ನು ಅದು ನೋಡಿದ ರೀತಿ ಇದೆಯಲ್ಲ, ಗಂಟಲಲ್ಲಿ ಅನ್ನ ಇಳಿಯುವುದು ಕಷ್ಟವಾಯಿತು. ಮರದ ಮೇಲೆ ಕೂಕಬುರ‍್ರಾ ನಗುತ್ತಿತ್ತು. ಅದು ನಮ್ಮ ಮಿಂಚುಳ್ಳಿಯ ಕುಲ ಕಣೇ, ಆದರೆ ಮೀನಿಗಿಂತ ಹುಳು, ಹಲ್ಲಿ, ಹಾವಿನ ಮರಿಯ ಮೇಲೇ ಅದಕ್ಕೆ ಪ್ರೀತಿ. ಹಾವು ತಿನ್ನುತ್ತೆ ಅಂದಮೇಲೆ ನಿಮ್ಮಮ್ಮನಿಗೆ ಅದರ ಮೇಲೆ ಗೌರವ ಬಂತು.

ಊಟವಾದ ಮೇಲೆ ಅವಳು ಬೆಂಚಿನ ಮೇಲೆ ಕಾಲು ಚಾಚಿ ಮಲಗಿದಳು. ನಾನು ನೀರು ನೋಡುತ್ತಾ ಕೂತೆ. ಫೋನ್ ತೆಗೆಯಲಿಲ್ಲ. ಎಲ್ಲಿಗೂ ಹೋಗಬೇಕಾಗಿರಲಿಲ್ಲ, ಟಿಕೆಟ್ ಟೈಮ್ ಇಲ್ಲ, ಇನ್ನೊಂದು ಪಾಯಿಂಟ್ ಬಾಕಿಯಿದೆ ಅನ್ನುವ ಅವಸರ ಇಲ್ಲ. ಮಧ್ಯಾಹ್ನದ ಬಿಸಿಲಿಗೆ ಜೀರುಂಡೆಗಳು ಕಿವಿ ಕಿತ್ತುಹೋಗುವ ಹಾಗೆ ಕೂಗುತ್ತಿದ್ದವು. ಒಟ್ಟಿಗೆ ಶುರು, ಒಟ್ಟಿಗೆ ನಿಲ್ಲಿಸುವುದು. ನಿಲ್ಲಿಸಿದಾಗ ದೂರದಲ್ಲಿ ಈಜುವವರ ಕೈ ನೀರಿಗೆ ಬೀಳುವ ಸದ್ದೂ ಕೇಳುತ್ತಿತ್ತು.

ಆ ಈಜಿನ ವಿಷಯವೇ ನನಗೆ ಅವತ್ತೆಲ್ಲ ತಲೆಯಲ್ಲಿ ಓಡುತ್ತಿದ್ದದ್ದು. ಈ ಕೆರೆ ಊರಿಗೆ ನೀರು ಕೊಡುವುದನ್ನು 1909ರಲ್ಲೇ ನಿಲ್ಲಿಸಿತು. ದೂರದ ನದಿಗಳ ನೀರನ್ನು ಕಾಲುವೆಯಲ್ಲಿ ಪ್ರಾಸ್ಪೆಕ್ಟ್‌ಗೆ ತರುವ ವ್ಯವಸ್ಥೆ 1888ರಲ್ಲೇ ಆಗಿತ್ತು, ಪ್ಯಾರಮಟ್ಟಾವನ್ನೂ ಅದಕ್ಕೆ ಸೇರಿಸಿದರು. ಆ ಕಾಲುವೆ 60 ಕಿಲೋಮೀಟರಿಗೂ ಉದ್ದ, ಒಂದು ಪಂಪೂ ಇಲ್ಲದೆ ಬರೀ ಇಳಿಜಾರಿನಲ್ಲಿ ಹರಿಯುತ್ತದೆ. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ಮೂರು ಹಂತದಲ್ಲಿ ಪಂಪ್ ಮಾಡಿ, ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಮೇಲಕ್ಕೆ ಎತ್ತುವವರ ಗುಂಪಿನವನು ನಾನು. ಹೊಟ್ಟೆಕಿಚ್ಚಾಯಿತು ಅಂತ ಹೇಳಲೇಬೇಕು.

ಕೆಲಸ ಮುಗಿದ ಕೆರೆಯನ್ನು ಅವರು ಮುಚ್ಚಿ ಸೈಟು ಮಾಡಲಿಲ್ಲ. ಕಾಡಿನ ಸಮೇತ ಪಾರ್ಕು ಮಾಡಿ ಬಿಟ್ಟರು. ಹಾಗಂತ ಅವರನ್ನು ದೇವರು ಮಾಡಬೇಕಾಗಿಲ್ಲ. ಸುತ್ತ ಮನೆಗಳು ಬಂದವು, ಚರಂಡಿ ನೀರು ಹಳ್ಳ ಸೇರಿತು, ಕೆರೆ ಈಜುವ ಹಾಗಿಲ್ಲ ಅನ್ನುವ ಸ್ಥಿತಿಗೂ ಬಂದು ದಶಕಗಳು ಹಾಗೇ ಇತ್ತು. ಮತ್ತೆ ಜನ ನೀರಿಗಿಳಿದದ್ದು 2015ರಲ್ಲಿ. ಈಗಲೂ ಜೋರು ಮಳೆ ಬಂದರೆ ನೀರಿಗಿಳಿಯಬಾರದು. ಊರಿನ ಕೊಳೆಯೆಲ್ಲ ಹಳ್ಳಕ್ಕೇ ಬರುವುದು. ಅಂದರೆ ಕೆಡುವುದು ಎಲ್ಲ ಕಡೆಯೂ ಒಂದೇ ಥರ. ಸರಿ ಮಾಡಿಕೊಳ್ಳುವುದಕ್ಕೆ ಮಾತ್ರ ಯಾರೋ ಪಟ್ಟು ಹಿಡಿದು ಕೂರಬೇಕು.

ನಮ್ಮ ಹೆಸರಘಟ್ಟ ನೆನಪಾಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ ಅರ್ಕಾವತಿಗೆ ಕಟ್ಟಿದ ಕೆರೆ. ಬೆಂಗಳೂರಿಗೆ ಪೈಪಿನಲ್ಲಿ ಮೊದಲು ಬಂದ ನೀರು ಅದೇ, ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ ಅನ್ನುವ ನೀರು ಶುದ್ಧ ಮಾಡುವ ಜಾಗಕ್ಕೆ. ಅದೂ ಊರಿಗೆ ಸಾಲದೆ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ ಬಂತು. ಅದೂ ಸಾಲದೆ ಕಾವೇರಿ. ನಿನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೆಸರಘಟ್ಟದ ಏರಿಗೆ ಹೋಗುತ್ತಿದ್ದೆ. ನೆನಪಿದೆಯಾ? ನೀನು ಕೆರೆ ಎಲ್ಲಿ ಅಂತ ಕೇಳುತ್ತಿದ್ದೆ, ನಾನು ಬಯಲು ತೋರಿಸಿ ಇದೇ ಅನ್ನುತ್ತಿದ್ದೆ. ಒಳ್ಳೆ ಮಳೆಯ ವರ್ಷ ನೀರು ನಿಲ್ಲುತ್ತದೆ, ಆಗ ಜನ ಕಾರು ತೆಗೆದುಕೊಂಡು ನೋಡಲು ಬರುತ್ತಾರೆ. ಪಕ್ಕದ ಹುಲ್ಲುಗಾವಲಿನಲ್ಲಿ ಹಕ್ಕಿ ನೋಡುವವರು ಇನ್ನೂ ಇದ್ದಾರೆ. ಕೋಡಿ ಬಿದ್ದದ್ದನ್ನು ಕಣ್ಣಾರೆ ನೋಡಬೇಕು ಅಂತ ನನಗಿನ್ನೂ ಆಸೆ.

ಅಲ್ಲಿ ಕೂತಾಗ ದುಃಖವಾಯಿತು ಅಂತ ಬರೆಯುವುದಿಲ್ಲ, ಆಗಲಿಲ್ಲ. ಬೇರೆ ಏನೋ ಆಯಿತು. ನಿಮ್ಮ ಮನೆಗೆ ಬಂದಾಗಿನಿಂದ ನಾನು ಸೋಫಾದ ತುದಿಯಲ್ಲಿ ಕೂರುವ ನೆಂಟನಾಗಿದ್ದೆ. ಮಗಳ ಮನೆ ಚೆನ್ನಾಗಿದೆ, ಊರು ಚೆನ್ನಾಗಿದೆ, ಎಲ್ಲ ಸರಿ, ಆದರೆ ನನಗೆ ಅಲ್ಲಿ ಹಿಡಿತ ಸಿಕ್ಕಿರಲಿಲ್ಲ. ಹಳ್ಳ ಯಾವುದು, ಕಟ್ಟೆ ಯಾವುದು, ನೀರು ಎಲ್ಲಿಗೆ ಹೋಗುತ್ತೆ ಅಂತ ತಿಳಿದ ಮೇಲೆ ಸಂಜೆ ವಾಪಸ್ ಬರುವಾಗ ನಾನೇ ಮುಂದೆ ನಡೆದೆ. ನಿಮ್ಮಮ್ಮ, ಏನ್ರೀ ದಾರಿ ಅಷ್ಟು ಚೆನ್ನಾಗಿ ಗೊತ್ತಾ ಅಂದಳು.

ನೀನು ಆ ಊರಿಗೆ ಹೋಗಿ ಇಷ್ಟು ವರ್ಷವಾದರೂ ಒಂದು ಮಾತು ಹೇಳುತ್ತಿರುತ್ತೀಯ, ಇಲ್ಲಿ ಎಲ್ಲ ಇದೆ ಅಪ್ಪಾ, ಆದರೂ ನಮ್ಮದು ಅನ್ನಿಸಲ್ಲ ಅಂತ. ನಾನು ಅದಕ್ಕೆ ಉತ್ತರ ಕೊಡುವಷ್ಟು ದೊಡ್ಡವನಲ್ಲ. ನೀವಿಬ್ಬರೂ ಶನಿವಾರ ಬಟ್ಟೆ, ದಿನಸಿ, ಭಾನುವಾರ ಯಾರದೋ ಮಗುವಿನ ಬರ್ತ್‌ಡೇ, ಇಷ್ಟರಲ್ಲೇ ಮುಗಿಸುತ್ತೀರಿ. ವರ್ಷಕ್ಕೊಮ್ಮೆ ಎಂಟು ಗಂಟೆ ಕಾರು ಓಡಿಸಿ ಎಲ್ಲೋ ಹೋಗಿ ಸುಸ್ತಾಗಿ ಬರುತ್ತೀರಿ. ಮನೆಯಿಂದ ಅರ್ಧ ಗಂಟೆಯೊಳಗಿನ ಈ ಜಾಗ ನೋಡಿಲ್ಲ, ಯಾಕೆಂದರೆ ಅದು ಟೂರಲ್ಲ. ಅಲ್ಲಿಗೆ ಹೋಗಿ ಬಂದೆ ಅಂದರೆ ಯಾರೂ ವಾವ್ ಅನ್ನುವುದಿಲ್ಲ. ಅದೇ ಅದರ ಚೆಂದ.

ಹಾಗಾಗಿ ಅಪ್ಪನ ಒಂದು ಕೆಲಸ. ಒಂದು ದಿನ ರಜೆ ಹಾಕು, ವಾರದ ನಡುವೆ. ಶನಿವಾರ ಭಾನುವಾರ ಬೇಡ, ಜನ ಜಾಸ್ತಿ ಇರುತ್ತಾರೆ. ಅಳಿಯಂದಿರಿಗೆ ಬಿಡುವಿದ್ದರೆ ಕರೆದುಕೊಂಡು ಹೋಗು, ಇಲ್ಲದಿದ್ದರೆ ಒಬ್ಬಳೇ ಹೋಗು. ಕಾರು ಬೇಡ, ಬಸ್ಸಿನಲ್ಲೇ ಹೋಗು, ಆ ಜಕರಂದಾ ಬೀದಿ ನಡೆದೇ ನೋಡಬೇಕು. ಪೂರ್ತಿ ಸುತ್ತು ಹಾಕುವುದಾದರೆ ಒಳ್ಳೆ ಬೂಟು ಹಾಕಿಕೋ, ಬಂಡೆ ಒದ್ದೆಯಿದ್ದರೆ ಜಾರುತ್ತದೆ. ಹಿಂದಿನ ದಿನ ಮಳೆ ಬಂದಿದ್ದರೆ ನೀರಿಗೆ ಇಳಿಯಬೇಡ, ದಂಡೆಯಲ್ಲಿ ಹಾಕಿರುವ ಬೋರ್ಡು ಓದು. ಈಜು ಬರುತ್ತೆ ಅಂತ ಗುರುತು ದಾಟಿ ಹೋಗಬೇಡ. ಕೆಫೆಯ ಕಾಫಿ ನನಗೆ ಹಿಡಿಸಲಿಲ್ಲ, ನಿನಗೆ ಹಿಡಿಸಬಹುದು. ಫ್ಲಾಸ್ಕಿನಲ್ಲಿ ಮನೆಯದ್ದೇ ತೆಗೆದುಕೊಂಡು ಹೋದರೆ ವಾಸಿ. ಫೋನ್ ಬ್ಯಾಗಿನ ತಳಕ್ಕೆ ಹಾಕು. ಕಟ್ಟೆಯ ಹತ್ತಿರ ಹೋದಾಗ ಕಲ್ಲು ಮುಗಿದು ಕಾಂಕ್ರೀಟು ಶುರುವಾಗುವ ಜಾಗ ಹುಡುಕು. ನನಗೆ ಒಂದು ಕಡೆ ಅನುಮಾನ ಉಳಿದಿದೆ, ನಿನ್ನ ಕಣ್ಣು ಚುರುಕು.

ಭಾನುವಾರ ಫೋನ್ ಮಾಡಿದಾಗ ಮೊದಲು ಅದನ್ನೇ ಕೇಳುತ್ತೇನೆ, ಆಮೇಲೆ ಬೇರೆ ಮಾತು.

ನಿಮ್ಮಮ್ಮ ಪಕ್ಕದಲ್ಲೇ ಕೂತು ಓದಿಸಿಕೊಂಡಳು. ಅಣೆಕಟ್ಟಿನ ಪುರಾಣ ಜಾಸ್ತಿಯಾಯಿತು, ಆ ಕೋಳಿಯ ವಿಷಯ ಇನ್ನೂ ಸ್ವಲ್ಪ ಬರೆಯಬೇಕಿತ್ತು ಅಂತ ಅವಳ ದೂರು. ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಮಾಗಾಳಿ ಬೇರಿನ ಉಪ್ಪಿನಕಾಯಿ ಇಟ್ಟು ಬಂದಿದ್ದಾಳಂತೆ, ಅದಕ್ಕೆ ಒದ್ದೆ ಚಮಚ ಹಾಕಬೇಡ ಅನ್ನುತ್ತಿದ್ದಾಳೆ.

ಇಂತಿ
ನಿನ್ನ ಅಪ್ಪ